ತಂಗಿಯ ನಾಳದೊಳಗಿನ ಬಾಗಿಲುಗಳು

ಬ್ಯಾಡಗಿಯಲ್ಲಿ ನಾನೂ ನನ್ನ ತಂಗಿಯೂ ಒಂದೇ ಗೋದಾಮಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದೆವು. ಬಿ.ಪಿ. ಗುಳಿಗೆ ಶುರುವಾದ ಮೇಲೆ ಅವಳ ಪಾದಗಳು ಬಾತುಕೊಂಡವು. ಕಾಲುಂಗುರ ಬೆರಳಿನಲ್ಲಿ ಹೂತುಹೋಗಿ, ಕತ್ತರಿಸಿಯೇ ತೆಗೆಯಬೇಕು ಎನ್ನುವಂತಾಯಿತು. ಗಂಡ ಇರುವಾಗ ಕಾಲುಂಗುರ ಕತ್ತರಿಸುವುದು ಅಪಶಕುನ ಎಂದು ನಾನು ಅಂಜಿದೆ. ಗುಳಿಗೆ ಬಿಡು, ಬಾವು ತಾನೇ ಇಳಿಯುತ್ತದೆ ಎಂದೆ. ಬಿಟ್ಟಳು. ಇಳಿಯಿತು. ನನ್ನ ಬುದ್ಧಿಗೆ ನಾನೇ ಹಿಗ್ಗಿದೆ.

ಮುಂದಿನ ತಿಂಗಳು ಕಾಯಿಯ ರಾಶಿಯ ಮುಂದೆ ಕೂತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಬಾಯಿ ಸೊಟ್ಟಗಾಗಿತ್ತು. ಹಾವೇರಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಎಡಗೈ ಇನ್ನೂ ಹಿಡಿತಕ್ಕೆ ಬಂದಿಲ್ಲ. ಗುಳಿಗೆ ಯಾಕೆ ಬಿಟ್ಟೆ ಎಂದು ಅವಳ ಯಜಮಾನರು ಕೇಳಿದಾಗ, ಮರೆತೆ ಎಂದಳು. ಅಂದಿನಿಂದ ಅವರು ಅವಳನ್ನು ಬೈಯುತ್ತಲೇ ಇದ್ದರು. ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ರಾಣೆಬೆನ್ನೂರಿನ ಡಾಕ್ಟರಮ್ಮನಿಗೆ ತೋರಿಸಲು ಹೋದಾಗ, ಆ ಗುಳಿಗೆ ಮಾಡುವುದೇನು ಎಂದು ಕೇಳಿದೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಆಕೆ ಬೇಸರಿಸದೆ ಬಿಡಿಸಿ ಹೇಳಿದರು. ರಕ್ತನಾಳದ ಗೋಡೆಯಲ್ಲಿ ಸ್ನಾಯು ಇದೆಯಂತೆ. ಅದರ ಒಂದೊಂದು ಜೀವಕೋಶದ ಪೊರೆಯಲ್ಲೂ ಕಣ್ಣಿಗೆ ಕಾಣದ ಬಾಗಿಲುಗಳು. ಅಂಜಿಕೆಯೋ ಸಿಟ್ಟೋ ಬಂದರೆ ನರದ ಸುದ್ದಿ ಜೀವಕೋಶದ ಹೊರಮೈಗೆ ಮುಟ್ಟುತ್ತದೆ. ಒಳಗೆ ಅದು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗಿ, ಬಾಗಿಲು ತೆರೆದು ಕ್ಯಾಲ್ಸಿಯಂ ಕಣಗಳು ನುಗ್ಗುತ್ತವೆ. ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ. ಬೇರೆ ಸುದ್ದಿ ಬಂದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಗುಳಿಗೆ ಆ ಬಾಗಿಲುಗಳನ್ನೇ ತಡೆದು ಬಿ.ಪಿ. ಏರದಂತೆ ಹಿಡಿದಿತ್ತು. ಬಾವು ಬಂದಾಗಲೇ ಹೇಳಿದ್ದರೆ ಬೇರೆ ಗುಳಿಗೆ ಕೊಡಬಹುದಿತ್ತು ಎಂದರು.

ನನ್ನ ಮುಂಗೈಯ ನೀಲಿ ನಾಳಗಳನ್ನೇ ನೋಡುತ್ತಾ ಕೂತೆ. ನಾನು ನಿದ್ದೆ ಮಾಡುವಾಗ, ಕಾಯಿ ಬಿಡಿಸುವಾಗ, ಯಾರೂ ಹೇಳದೆಯೇ ಒಳಗೆ ಇಷ್ಟೊಂದು ಬಾಗಿಲುಗಳು ತೆರೆದು ಮುಚ್ಚುತ್ತಿದ್ದವು! ನನ್ನ ಅಂಜಿಕೆಯ ಸುದ್ದಿ ಆ ಕ್ಷಣವೂ ಅಲ್ಲಿಗೆ ಮುಟ್ಟುತ್ತಿದ್ದಿರಬೇಕು. ಇಂಥ ವ್ಯವಸ್ಥೆಗೆ ಏನೂ ಅರಿಯದೆ ಕೈಹಾಕಿದ್ದೆ.

ಬಸ್ಸಿನಲ್ಲಿ ತಂಗಿಗೆ, "ಗುಳಿಗಿ ಬಿಡು ಅಂದಾಕಿ ನಾನು. ತಪ್ಪಾತವಾ" ಎಂದೆ.

"ಅದು ನನಗ ಗೊತ್ತಿಲ್ಲೇನು ಅಕ್ಕಾ? ನಮ್ಮ ಮನ್ಯಾರ ಮುಂದ ಹೇಳು. ಬೈಸ್ಕೊಳ್ಳಾಕ ನಾ ಒಬ್ಬಾಕೇನು?" ಎಂದಳು.

ಬ್ಯಾಡಗಿಯಲ್ಲಿ ಇಳಿದ ಮೇಲೆ ನಮ್ಮ ಓಣಿಗೆ ತಿರುಗಲಿಲ್ಲ. ಅವಳ ಜೊತೆ ಅವಳ ಮನೆಗೇ ಹೋದೆ. ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು. ಚಪ್ಪಲಿ ಕಳಚುವ ಮೊದಲೇ ಹೇಳಿಬಿಟ್ಟೆ.