ಕ್ಯಾನಿಗೆ ಪೆಟ್ರೋಲ್ ಇಲ್ಲ

ಕುವೈತಿನ ಹವಲ್ಲಿಯ ಒಂದು ಪೆಟ್ರೋಲ್ ಪಂಪಿನಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಯಾರೊಬ್ಬರೂ ಬೆಲೆಯ ಬಗ್ಗೆ ಮಾತಾಡಿದ್ದು ನೆನಪಿಲ್ಲ. ಕಾರಿನ ಗಾಜು ನಾಲ್ಕು ಬೆರಳಷ್ಟು ಕೆಳಗಿಳಿಯುತ್ತಿತ್ತು, ಒಳಗಿನ ತಂಪು ಮುಖಕ್ಕೆ ಬಡಿಯುತ್ತಿತ್ತು, ‘ಫುಲ್’ ಎಂಬ ಒಂದು ಮಾತು ಕೇಳಿಸುತ್ತಿತ್ತು. ಪಕ್ಕದ ಅಂಗಡಿಯಲ್ಲಿ ನೀರಿನ ಬಾಟಲಿಗೆ ಒಂದು ಲೀಟರ್ ಪೆಟ್ರೋಲಿಗಿಂತ ಹೆಚ್ಚು ಕೊಡಬೇಕಿತ್ತು. ಎಷ್ಟೋ ಮಂದಿ ಕಾರನ್ನು ಚಾಲೂ ಇಟ್ಟೇ ಎದುರಿನ ಹೋಟೆಲಿಗೆ ಊಟಕ್ಕೆ ಹೋಗುತ್ತಿದ್ದರು, ಮರಳಿ ಬರುವಾಗ ಸೀಟು ಬಿಸಿಯಾಗಿರಬಾರದೆಂದು. ಅವರ ಟ್ಯಾಂಕು ತುಂಬಿಸಿ ನಾನು ಬಿಸಿಲಲ್ಲಿ ಹತ್ತು ನಿಮಿಷ ನಡೆದು ಕೋಣೆ ಸೇರುತ್ತಿದ್ದೆ. ಅದರಲ್ಲಿ ನನಗೆ ಏನೂ ವಿಶೇಷ ಕಂಡಿರಲಿಲ್ಲ.

ಕಂಡದ್ದು ನನ್ನ ಕೋಣೆಯ ಜೊತೆಗಾರನಿಗೆ. ಅವನು ಬಾಗಲಕೋಟೆ ಕಡೆಯ ಹಳ್ಳಿಯವನು, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಫಿಟ್ಟರ್. ನಾನು ಉಡುಪಿ ಕಡೆಯವನು. ಅವನ ಕನ್ನಡ ನನಗೆ, ನನ್ನ ಕನ್ನಡ ಅವನಿಗೆ ಮೊದಲ ಆರು ತಿಂಗಳು ಅರ್ಧವೇ ಅರ್ಥವಾಗುತ್ತಿತ್ತು. ಊರಿನಿಂದ ಬಂದ ಒಣಗಿದ ಕಟಕ ಜೋಳದ ರೊಟ್ಟಿಯನ್ನು ಅವನು ನನ್ನ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದ. ಅವನ ಅಣ್ಣ ದೂರದ ದಕ್ಷಿಣ ಗಡಿಯ ವಫ್ರಾದ ತೋಟವೊಂದರಲ್ಲಿ ಸೌತೆ ಬೆಳೆಯುವ ಕೂಲಿಗೆ ಇದ್ದ. ಅಲ್ಲಿಗೆ ಬಸ್ಸು ಅಪರೂಪ. ಅಣ್ಣನನ್ನು ನೋಡಲು ಹೋಗಬೇಕೆಂದರೆ ಇಪ್ಪತ್ತು ಜನ ತುಂಬಿದ ಪಿಕಪ್ಪಿನ ಹಿಂಬದಿಯಲ್ಲಿ ನಿಂತು, ಡ್ರೈವರ್ ಕೇಳಿದಷ್ಟು ಕೊಟ್ಟು ಹೋಗಬೇಕು. ಆ ದುಡ್ಡಿಗೆ ನನ್ನ ಪಂಪಿನಲ್ಲಿ ದೊಡ್ಡ ಕಾರಿನ ಟ್ಯಾಂಕೇ ತುಂಬುತ್ತಿತ್ತು.

“ಐದು ಕಾರ್ ಇದ್ದಾಂವಗ ಐದು ಸಲ ಅಗ್ಗ,” ಎಂದಿದ್ದ ಒಂದು ಶುಕ್ರವಾರ, ಅಲ್ಲಿಂದ ಮರಳಿ ಬಂದವನು. “ಕಾರ್ ಇಲ್ಲದ ನಮ್ಮಣ್ಣಗ ಒಂದ ಸಲನೂ ಇಲ್ಲ. ಇದೆಂಥಾ ನ್ಯಾಯ, ದೋಸ್ತ?”

“ಎಣ್ಣೆ ಅವರದ್ದು ಮಾರಾಯ. ಅಗ್ಗಕ್ಕೆ ಕೊಟ್ರೆ ನಮಗೆಂತ?”

“ಎಣ್ಣಿ ಅವರದ, ಖರೆ. ಆದರ ಅವರೊಳಗೂ ಕಾರ್ ಇಲ್ಲದ ಮುದುಕಿ ಒಬ್ಬಾಕಿ ಇರತಾಳಲ್ಲ, ಆಕಿ ಪಾಲು ಎಲ್ಲಿ ಹೋತು?”

ನಾನು ಗೋಡೆಯ ಕಡೆ ಮಗ್ಗುಲಾದೆ. ನನಗೆ ನಿದ್ದೆ ಬರುತ್ತಿತ್ತು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಎರಡು ದಿನ ನಾವು ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ನಮ್ಮ ಪಂಪಿನ ಮುದೀರ್ ಬಂದು ಬಾಗಿಲು ತಟ್ಟಿದ. ಮುದೀರ್ ಅಂದರೆ ನಮ್ಮ ಮ್ಯಾನೇಜರ್, ವಯಸ್ಸಾದ ಪ್ಯಾಲೆಸ್ತೀನಿ, ಹವಲ್ಲಿಯಲ್ಲೇ ಸಂಸಾರ. ಮೇಲಿನವರು ಯಾರೂ ಫೋನಿಗೆ ಸಿಗುತ್ತಿಲ್ಲ, ನೆಲದಡಿಯ ಟ್ಯಾಂಕಿನಲ್ಲಿ ಇರುವಷ್ಟು ದಿನ ಕೊಡೋಣ, ಬೆಲೆ ಹಳೆಯದೇ, ಎಂದ. ನಾನು ಯೂನಿಫಾರ್ಮ್ ಹಾಕಿಕೊಂಡು ಅವನ ಹಿಂದೆ ಹೋದೆ.

ಕಾರುಗಳ ಸಾಲು ಮಸೀದಿಯ ತಿರುವಿನಾಚೆಗೂ ಬೆಳೆದಿತ್ತು. ಹಳೆಯ ಬೆಲೆಗೆ ನಮ್ಮಲ್ಲಿ ಕೊಂಡು ಹಿಂದಿನ ಬೀದಿಯಲ್ಲಿ ಕ್ಯಾನಿನಲ್ಲಿ ಹಲವು ಪಟ್ಟು ಬೆಲೆಗೆ ಮಾರುವವರು ಎರಡೇ ದಿನದಲ್ಲಿ ಹುಟ್ಟಿಕೊಂಡರು. ರಿಫೈನರಿಯ ಕೆಲಸ ನಿಂತಿದ್ದರಿಂದ ನನ್ನ ಜೊತೆಗಾರ ಪಂಪಿಗೆ ಬಂದು ಕೂರುತ್ತಿದ್ದ. ಅವನೇ ಮುದೀರ್‌ನ ಹತ್ತಿರ ತನ್ನ ಹರುಕು ಅರಬ್ಬಿಯಲ್ಲಿ ಹೇಳಿದ: ಕ್ಯಾನಿಗೆ ಕೊಡುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಎಲ್ಲ ಕಾಳಸಂತೆಗೆ ಹೋಗುತ್ತದೆ, ಕೊಡುವುದನ್ನೂ ಕಾರಿನ ಲೆಕ್ಕದಲ್ಲಿ ಬೇಡ, ತಲೆಯ ಲೆಕ್ಕದಲ್ಲಿ ಕೊಡಿ. ಮೊದಲನೆಯದನ್ನು ಮುದೀರ್ ಒಪ್ಪಿದ. ಎರಡನೆಯದಕ್ಕೆ, ಪೆಟ್ರೋಲನ್ನು ಟ್ಯಾಂಕಿಗೆ ಹಾಕಬಹುದು, ತಲೆಗೆ ಹೇಗೆ ಹಾಕಲಿ ಎಂದು ಕೇಳಿದ. ಕಾರಿಗೆ ಅರ್ಧ ಟ್ಯಾಂಕು, ಕ್ಯಾನಿಗೆ ಇಲ್ಲ. ರಟ್ಟಿನ ಮೇಲೆ ಅರಬ್ಬಿಯಲ್ಲಿ ಬರೆದು ಕಂಬಕ್ಕೆ ಕಟ್ಟಿದೆವು.

ಒಂದು ವಾರ ಕಳೆದಿರಬಹುದು. ಮಧ್ಯಾಹ್ನ, ಮುದೀರ್ ಊಟಕ್ಕೆ ಮನೆಗೆ ಹೋಗಿದ್ದ. ಪೈಪು ಹಿಡಿದು ನಾನೊಬ್ಬನೇ ಇದ್ದೆ. ಜೊತೆಗಾರ ನಡೆದುಕೊಂಡು ಬಂದ, ಕೈಯಲ್ಲಿ ನೀಲಿ ಕ್ಯಾನು. ಮಲಯಾಳಿ ಅಂಗಡಿಯವನೊಬ್ಬ ಪಿಕಪ್ ಕೊಡಲು ಒಪ್ಪಿದ್ದಾನೆ, ಆದರೆ ಟ್ಯಾಂಕು ಪೂರ್ತಿ ಒಣಗಿದೆ, ಗಾಡಿ ಅಂಗಡಿಯ ಹಿಂದೆ ನಿಂತಿದೆ ಎಂದ. ವಫ್ರಾದ ಕಡೆ ಸೈನಿಕರು ಕಂದಕ ತೋಡುತ್ತಿದ್ದಾರಂತೆ, ಅಣ್ಣನನ್ನು ಇವತ್ತೇ ಕರೆತರಬೇಕು.

ಅವನ ಹಿಂದೆ ಸಾಲಿನ ಮೊದಲಿಗೆ ಒಂದು ದೊಡ್ಡ ಅಮೆರಿಕನ್ ಕಾರು ನಿಂತಿತ್ತು. ಅದರ ಯಜಮಾನನನ್ನು ಬೆಳಿಗ್ಗೆಯಿಂದ ಎರಡು ಸಲ ನೋಡಿದ್ದೆ, ಎರಡು ಬೇರೆ ಕಾರುಗಳಲ್ಲಿ. ಇದು ಮೂರನೆಯದು. ಅವನು ಗಾಜು ಇಳಿಸಿ ಕ್ಯಾನನ್ನು ನೋಡಿದ, ಆಮೇಲೆ ಕಂಬಕ್ಕೆ ಕಟ್ಟಿದ ರಟ್ಟನ್ನು ನೋಡಿದ. ಹಿಂದಿನಿಂದ ಯಾರೋ ಹಾರ್ನ್ ಒತ್ತಿದರು. ಇಬ್ಬರು ಕಾರಿನಿಂದ ಇಳಿದು ನಮ್ಮ ಕಡೆ ಬರತೊಡಗಿದರು.

“ಕ್ಯಾನಿಗೆ ಕೊಡ್ಲಿಕ್ಕಿಲ್ಲ,” ಎಂದೆ. “ನಿನಗೇ ಗೊತ್ತುಂಟಲ್ಲ.”

ಅವನು ಕ್ಯಾನನ್ನೇ ನೋಡುತ್ತ ನಿಂತ. “ಹೌದು,” ಎಂದ. “ನಾನ ಹೇಳಿದ್ದೆ.”

ಅವನು ತಿರುಗಿ ಹೋದ. ನಾನು ಅಮೆರಿಕನ್ ಕಾರಿಗೆ ಅರ್ಧ ಟ್ಯಾಂಕು ಹಾಕಿದೆ. ಮುಂದಿನದಕ್ಕೂ ಹಾಕಿದೆ. ಪಿಕಪ್ಪನ್ನು ನಾಲ್ಕು ಜನ ತಳ್ಳಿಕೊಂಡು ಸಾಲಿಗೆ ತಂದು ನಿಲ್ಲಿಸಿದ್ದರೆ ನಿಯಮ ಮುರಿಯದೆಯೇ ಕೊಡಬಹುದಿತ್ತು ಎಂಬುದು ಆಗ ಹೊಳೆಯಲಿಲ್ಲ. ಅವನಿಗೂ ಹೊಳೆಯಲಿಲ್ಲ. ನನಗದು ಹೊಳೆದದ್ದು ಎಷ್ಟೋ ದಿನಗಳ ಮೇಲೆ, ಬಾಗ್ದಾದಿನ ದಾರಿಯಲ್ಲಿ, ಬಸ್ಸಿನೊಳಗೆ.

ಮರುದಿನ ಅವನು ಬೆರಳಿನ ಉಂಗುರ ಕೊಟ್ಟು ಹಿಂದಿನ ಬೀದಿಯಲ್ಲಿ ಒಂದು ಕ್ಯಾನು ಪೆಟ್ರೋಲ್ ಕೊಂಡು ವಫ್ರಾಕ್ಕೆ ಹೋದ. ಸಂಜೆ ಕತ್ತಲಾಗುವ ಮೊದಲು ಒಬ್ಬನೇ ಬಂದ. ತೋಟ ಖಾಲಿ. ಕೂಲಿಗಳ ಶೆಡ್ಡಿನ ಬಾಗಿಲು ತೆರೆದೇ ಇತ್ತು, ಸೌತೆಯ ಸಾಲಿಗೆ ನೀರು ಹಾಗೇ ಹರಿಯುತ್ತಿತ್ತು, ಅವನೇ ನಲ್ಲಿ ನಿಲ್ಲಿಸಿ ಬಂದನಂತೆ. ಹಿಂದಿನ ದಿನ ಸಂಜೆ ಸೈನಿಕರು ಎಲ್ಲರನ್ನೂ ಟ್ರಕ್ಕಿಗೆ ಹತ್ತಿಸಿಕೊಂಡು ಹೋದರೆಂದು ಪಕ್ಕದ ತೋಟದಲ್ಲಿ ಉಳಿದಿದ್ದ ಮುದುಕನೊಬ್ಬ ಹೇಳಿದ್ದ. ಎಲ್ಲಿಗೆಂದು ಅವನಿಗೆ ಗೊತ್ತಿರಲಿಲ್ಲ.

ಹಿಂದಿನ ದಿನ ಸಂಜೆ ಎಂಬ ಮಾತನ್ನು ಅವನು ಒಂದೇ ಸಲ ಹೇಳಿದ. ನಾನು ಅನ್ನ ಬಡಿಸಿದೆ. ಇಬ್ಬರೂ ಉಂಡೆವು. ನನಗೆ ದುಃಖವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದರೆ ದವಡೆ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗಿತ್ತು. ಆ ಸೂಜಿಯ ಜೋಮು ಮುಂದೆ ಬಹಳ ಕಾಲ ಇಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಊರಿಗೆ ಹೋಗುವವರ ಬಸ್ಸುಗಳು ಹೊರಡತೊಡಗಿದವು. ಅಷ್ಟರಲ್ಲಿ ನಮ್ಮ ಪಂಪಿನ ಟ್ಯಾಂಕು ಬರಿದಾಗಿತ್ತು. ಜೊತೆಗಾರ ದಿನವೂ ನಮ್ಮ ದೇಶದವರು ಸೇರುವ ಶಾಲೆಗಳಿಗೆ ಹೋಗಿ, ಗೋಡೆಗೆ ಅಂಟಿಸಿದ ಪಟ್ಟಿಗಳಲ್ಲಿ ಅಣ್ಣನ ಹೆಸರು ಹುಡುಕಿ ಬರುತ್ತಿದ್ದ. ಹೊರಡು ಎಂದು ನಾನು ಎರಡು ಸಲ ಕರೆದೆ.

“ಅಣ್ಣನ್ನ ಬಿಟ್ಟು ಹೋಗಿ ಅವ್ವಗ ಏನಂತ ಹೇಳಲಿ?” ಎಂದ.

ಉಳಿದ ಅಕ್ಕಿ, ಬೇಳೆ, ಒಂದು ಡಬ್ಬಿ ಉಪ್ಪಿನಕಾಯಿ ಅವನಿಗೆ ಬಿಟ್ಟು ನಾನು ಬಸ್ಸು ಹತ್ತಿದೆ. ಬಸ್ರಾ, ಬಾಗ್ದಾದ್, ಜೋರ್ಡಾನಿನ ಗಡಿಯ ಡೇರೆಗಳು, ವಿಮಾನ, ಮುಂಬಯಿ. ಮನೆ ಮುಟ್ಟಿದಾಗ ತಾಯಿ ಅತ್ತರು, ಹೆಂಡತಿ ಅತ್ತಳು, ನಾನು ಸ್ನಾನಕ್ಕೆ ನೀರು ಕೇಳಿದೆ.

ಊರಿನಲ್ಲಿಯೂ ಪೆಟ್ರೋಲಿನದೇ ಮಾತು. ಬೆಲೆ ಏರಿತ್ತು, ಸೀಮೆಎಣ್ಣೆಗೆ ರೇಷನ್ ಅಂಗಡಿಯ ಮುಂದೆ ಬೆಳಿಗ್ಗೆಯೇ ಡಬ್ಬಿಗಳ ಸಾಲು. ಹೆಂಡತಿ ಕಾರ್ಡು ಕೊಟ್ಟು ನನ್ನನ್ನೂ ಕಳಿಸಿದಳು. ನಮ್ಮ ಮನೆಯಲ್ಲಿ ಗ್ಯಾಸ್ ಇತ್ತು. ಸೀಮೆಎಣ್ಣೆ ನಮಗೇಕೆ ಎಂದು ಕೇಳಿದ್ದಕ್ಕೆ, ಕಾರ್ಡಿನಲ್ಲಿ ಬರುವುದನ್ನು ಯಾರಾದರೂ ಬಿಡುತ್ತಾರೆಯೇ ಎಂದಳು. ಬಿಡುವುದಿಲ್ಲ. ನಾನು ಸಾಲಿನಲ್ಲಿ ನಿಂತೆ. ನನ್ನ ಹಿಂದೆ ನಿಂತ ಮೀನು ಮಾರುವ ಹೆಂಗಸಿಗೆ ಕಾರ್ಡೇ ಇರಲಿಲ್ಲ, ಮಿಕ್ಕರೆ ಕೊಟ್ಟಾರೆಂದು ಬಂದಿದ್ದಳು. ಮಿಗಲಿಲ್ಲ. ನಾನು ನನ್ನ ಡಬ್ಬಿ ಹಿಡಿದು ಅವಳ ಮುಂದೆಯೇ ಹಾದು ಬಂದೆ. ಗದ್ದೆಯ ಅಂಚಿಗೆ ಬಂದ ಮೇಲೆ ಹಿಂದಿರುಗಿ ನೋಡಿದೆ, ಅವಳು ಹೋಗಿಬಿಟ್ಟಿದ್ದಳು.

ಜೊತೆಗಾರ ಕ್ಷೇಮವಾಗಿದ್ದಾನೆ, ಅಣ್ಣನನ್ನು ಹುಡುಕಲು ಅಲ್ಲಿಯೇ ಉಳಿದಿದ್ದಾನೆ ಎಂದು ಅವನ ಹಳ್ಳಿಯ ವಿಳಾಸಕ್ಕೆ ಒಂದು ಕಾಗದ ಹಾಕಿದೆ. ಹದಿನೈದು ದಿನಕ್ಕೆ ಉತ್ತರ ಬಂತು. ಬರೆದವನು ಆ ಅಣ್ಣನೇ. ಟ್ರಕ್ಕಿನವರು ತಮ್ಮನ್ನು ಬಸ್ರಾದ ಹತ್ತಿರ ಇಳಿಸಿ ಹೋದರು, ಅಲ್ಲಿಂದ ಹೇಗೋ ಜೋರ್ಡಾನ್ ಸೇರಿ ಮೊದಲ ವಿಮಾನಗಳಲ್ಲೊಂದರಲ್ಲಿ ಬಂದುಬಿಟ್ಟೆ, ತಮ್ಮ ಎಲ್ಲಿ ಎಂದು ಬರೆದಿದ್ದ.

ಅದನ್ನು ಎರಡು ಸಲ ಓದಿದೆ. ಕುವೈತಿಗೆ ಟಪಾಲಿಲ್ಲ, ಫೋನಿಲ್ಲ. ಏನು ಮಾಡುವುದೆಂದು ತಿಳಿಯದೆ ಮರುದಿನ ಬಾಗಲಕೋಟೆಯ ಕಡೆ ಬಸ್ಸು ಹತ್ತಿದೆ.

ಜೊತೆಗಾರನ ಅಣ್ಣ ಮನೆಯ ಕಟ್ಟೆಯ ಮೇಲೆ ಕೂತಿದ್ದ, ತಮ್ಮನಿಗಿಂತ ಎತ್ತರ, ಅದೇ ಹುಬ್ಬು. ತಾಯಿ ಒಳಗಿನಿಂದ ನೀರು ತಂದುಕೊಟ್ಟರು. ತಮ್ಮ ನಿಮಗಾಗಿಯೇ ಅಲ್ಲಿ ಕಾದಿದ್ದಾನೆ ಎಂದೆ. ತಾಯಿಗೆ ಅರ್ಥವಾಗಲಿಲ್ಲ, ಇಂವಾ ಇಲ್ಲೇ ಅದಾನಲ್ಲ ಎಂದರು. ಅಣ್ಣನಿಗೆ ಅರ್ಥವಾಯಿತು.

“ಅಂವಾ ನನ್ನ ಹುಡುಕ್ಕೋತ ವಫ್ರಾಕ್ಕ ಬಂದಿದ್ನೇನು, ತಮ್ಮಾ?”

“ಬಂದಿದ್ದ, ಅಣ್ಣ. ನಿಮ್ಮನ್ನು ಕರ್ಕೊಂಡು ಹೋದ ಮಾರನೇ ದಿನ.”

“ಒಂದ ದಿನ ತಡ ಆತು. ಗಾಡಿ ಸಿಗಲಿಲ್ಲೇನು?”

“ಗಾಡಿ ಇತ್ತು. ಪೆಟ್ರೋಲ್ ಸಿಗ್ಲಿಲ್ಲ.”

“ಪೆಟ್ರೋಲ? ಕುವೈತಿನ್ಯಾಗ?” ಎಂದು ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. ನಾನು ಪಂಪಿನಲ್ಲಿದ್ದೆನೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ರಾತ್ರಿ ಉಳಿಯಿರಿ ಎಂದರು. ಬಸ್ಸಿದೆ ಎಂದು ಸುಳ್ಳು ಹೇಳಿ ಹೊರಟೆ.

ಜನವರಿಯಲ್ಲಿ ಯುದ್ಧ ಶುರುವಾಯಿತು. ರೇಡಿಯೋದ ಮುಂದೆ ಕೂರುತ್ತಿದ್ದೆ. ಬಾಂಬಿನ ಸುದ್ದಿ ಮುಗಿದು ಕೃಷಿರಂಗ ಬಂದರೂ ಎದ್ದೇಳುತ್ತಿರಲಿಲ್ಲ. ಕುವೈತ್ ಬಿಡುಗಡೆಯಾಗಿ ಕೆಲವು ವಾರಗಳ ಮೇಲೆ ಜೊತೆಗಾರನ ಅಣ್ಣನಿಂದ ಒಂದು ಅಂಚೆ ಕಾರ್ಡು ಬಂತು. ‘ತಮ್ಮ ಬದುಕಿದ್ದಾನೆ.’ ಅಷ್ಟೇ. ಅದನ್ನು ನನ್ನ ತಾಯಿಗೆ ಓದಿ ಹೇಳಿದೆ, ದೇವರ ಮುಂದೆ ಇಟ್ಟರು.

ಬೇಸಿಗೆ ಮುಗಿಯುವ ಮೊದಲು ನಾನು ಮತ್ತೆ ಕುವೈತಿಗೆ ಹೋದೆ. ಹೋಗದಿದ್ದರೆ ಊಟಕ್ಕಿರಲಿಲ್ಲ. ಇರಾಕಿನವರು ಹೋಗುವಾಗ ಬೆಂಕಿ ಹಚ್ಚಿದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ತೆಂಕಣದಿಂದ ಬೀಸಿದ ದಿನ ಹಗಲಲ್ಲೇ ಕಾರುಗಳು ದೀಪ ಹಾಕಿ ಓಡುತ್ತಿದ್ದವು, ಒಣಹಾಕಿದ ಅಂಗಿಯ ಮೇಲೆ ಮಸಿ ಕೂರುತ್ತಿತ್ತು. ಹವಲ್ಲಿಯ ಹಳೆಯ ಕೋಣೆಯಲ್ಲಿ ಜೊತೆಗಾರ ಇದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು, ಮಾತಿಗೊಮ್ಮೆ ಕೆಮ್ಮು. ಸುಟ್ಟ ರಿಫೈನರಿಯಲ್ಲಿ ಕಬ್ಬಿಣ ತೆರವು ಮಾಡುವ ಕೆಲಸ ಸಿಕ್ಕಿತ್ತು.

ಆ ಚಳಿಗಾಲದ ಕತೆಯನ್ನು ಅವನು ಚೂರುಚೂರಾಗಿ ಹೇಳಿದ. ಒಂದು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದನಂತೆ, ಕೂಲಿಗೆ ಬದಲು ರೊಟ್ಟಿ. ಬಿಡುಗಡೆಯಾದ ಮೇಲೆ ಊರಿಗೆ ಮಾತಾಡಲು ಒಂದು ಕಡೆ ಫೋನ್ ಇಟ್ಟಿದ್ದರು, ತಲೆಗೆ ಮೂರು ನಿಮಿಷ. ಅರ್ಧ ದಿನ ಸಾಲಿನಲ್ಲಿ ನಿಂತ ಮೇಲೆ ಹಳ್ಳಿಯ ಕಿರಾಣಿ ಅಂಗಡಿಗೆ ಲೈನು ಸಿಕ್ಕಿತು. ಅಣ್ಣ ಸತ್ತಿರಬೇಕೆಂದು ಹೇಳಲು ಬಾಯಿ ತೆರೆದಾಗ ಅಂಗಡಿಯವನೇ ಕೂಗಿದ, ನಿಮ್ಮಣ್ಣ ಇಲ್ಲೇ ಚಾ ಕುಡಿಯಾಕತ್ತಾನ, ಕರೀಲೇನು? ಕರೆಯಲು ಹೋದವನು ಬರುವಷ್ಟರಲ್ಲಿ ಮೂರು ನಿಮಿಷ ಮುಗಿಯಿತು. ಹಿಂದೆ ನಿಂತವರು ಭುಜ ಮುಟ್ಟಿದರು. ಅವನು ಫೋನ್ ಇಟ್ಟುಬಿಟ್ಟ.

“ಇನ್ನೊಂದು ನಿಮಿಷ ಕೇಳಬಾರದಿತ್ತಾ?” ಎಂದೆ.

“ಹಿಂದ ನಿಂತವರಿಗೂ ಅಣ್ಣಂದಿರು ಇರತಾರಲ್ಲ.”

ಆಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಊಟದ ತಟ್ಟೆಗಳು ನಮ್ಮ ನಡುವೆ ಇದ್ದವು. “ಆ ದಿನ ನಾನು ಕೊಡ್ಬೇಕಿತ್ತು.”

ಅವನು ತಟ್ಟೆಗಳನ್ನು ಎತ್ತಿಕೊಂಡ. “ಕೊಡಬೇಕಾಗಿತ್ತು,” ಎಂದ. ತೊಳೆದು ಬಂದು, “ನಾನೂ ಕೇಳಬಾರದಾಗಿತ್ತು. ಎರಡೂ ಖರೆ,” ಎಂದ. ಆ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ.

ಹಳೆಯ ಮುದೀರ್ ದೇಶ ಬಿಟ್ಟು ಹೋಗಿದ್ದ. ಪಂಪು ಮತ್ತೆ ತೆರೆದಾಗ ನನ್ನನ್ನು ಕರೆದರು, ನಾನು ಒಂದು ಹೋಟೆಲಿನ ಅಡುಗೆಮನೆಗೆ ಸೇರಿಕೊಂಡೆ. ಪೆಟ್ರೋಲಿನ ಬೆಲೆ ಮೊದಲಿನಂತೆಯೇ ನೀರಿಗಿಂತ ಕಡಿಮೆ ಇತ್ತು. ವಫ್ರಾಕ್ಕೆ ಬಸ್ಸು ಬಂದಿರಲಿಲ್ಲ.

ವರ್ಷದ ಕೊನೆಗೆ ಜೊತೆಗಾರ ರಜೆಗೆಂದು ಊರಿಗೆ ಹೋದವನು ಮರಳಲಿಲ್ಲ. ಅಣ್ಣತಮ್ಮಂದಿರು ಸೇರಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದೇವೆ, ಕೆಮ್ಮು ಕಡಿಮೆಯಾಗಿದೆ ಎಂದು ಬರೆದ. ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ತನ್ನ ಗುರುತೇ ಹಿಡಿಯಲಿಲ್ಲ, ತಾನು ಇಳಿದು ಎದುರಿಗೇ ನಿಂತರೂ ಬಸ್ಸಿನೊಳಗೆ ಇಣುಕುತ್ತಿದ್ದ ಎಂದೂ ಇತ್ತು. ಎರಡು ಶುಕ್ರವಾರ ಕಳೆದ ಮೇಲೆ ಉತ್ತರ ಬರೆದೆ. ಇಲ್ಲಿ ಎಲ್ಲ ಕ್ಷೇಮ, ಎಣ್ಣೆಬಾವಿಗಳ ಬೆಂಕಿ ಆರಿದೆ ಎಂದು ತಿಳಿಸಿದೆ. ಆಕಾಶ ಯಾವ ದಿನ ಮತ್ತೆ ನೀಲಿಯಾಯಿತೆಂದು ಬರೆಯಲು ಹೊರಟೆ, ಆ ದಿನ ನೆನಪಾಗಲಿಲ್ಲ.