ಕುಂಭ ಇಳಿಸಿದ ಮೇಲೆ

ನಾನು ಕಾಲು ಜಾರಿ ಬಿದ್ದದ್ದಲ್ಲ. ಟೈಲ್ಸ್ ಮೇಲೆ ಒಂದು ಹನಿ ನೀರಿರಲಿಲ್ಲ. ನನ್ನ ತಲೆಯ ಮೇಲಿದ್ದ ಕುಂಭವನ್ನು ಮಗಳು ಮಂದಿಯ ಮುಂದೆ ಇಳಿಸಿಕೊಂಡಳು, ಅದಕ್ಕೆ ಬಿದ್ದೆ. ಉಳಿದದ್ದೆಲ್ಲ ಆಮೇಲೆ ಕಟ್ಟಿದ ಮಾತು.

ಕಂಪ್ಲಿ ಕಡೆಯ ತೋಟಗಳಲ್ಲಿ ಬಾಳೆಗೊನೆ ಹೊತ್ತು ಬದುಕಿದವಳು ನಾನು. ತಲೆಗೆ ಬಟ್ಟೆಯ ಸಿಂಬಿ ಸುತ್ತಿ, ಕೆಸರಿನ ಬದುವಿನ ಮೇಲೆ, ಲಾರಿ ನಿಂತ ರಸ್ತೆಯ ತನಕ. ಈ ಮಗಳು ಹೊಟ್ಟೆಯಲ್ಲಿದ್ದಾಗಲೂ ಹೊತ್ತೆ, ಗಂಡ ಸತ್ತ ಮೇಲೂ ಹೊತ್ತೆ. ಈಗ ಗೊನೆ ಬಿಟ್ಟು ಎಲೆಯ ಕಟ್ಟು ಹೊರುತ್ತೇನೆ, ಅಷ್ಟೇ. ಹೊರುವವರಿಗೆ ಒಂದು ಗೊತ್ತಿರುತ್ತದೆ. ಗೊನೆಯ ಭಾರಕ್ಕೆ ಯಾರೂ ಬೀಳುವುದಿಲ್ಲ, ಮೇಸ್ತ್ರಿ ಬೈದ ದಿನ ಬೀಳುತ್ತಾರೆ. ಮೊದಲು ಕತ್ತು ಭುಜದೊಳಗೆ ಇಳಿಯುತ್ತದೆ, ಕಣ್ಣು ಕಾಲಿನ ಕಡೆ ಹೋಗುತ್ತದೆ, ಆಮೇಲೆ ಗೊನೆ ಹೋಗುತ್ತದೆ. ಅದಕ್ಕೇ ಜಗಳವಾಡಿ ಬಂದವಳನ್ನು ಸ್ವಲ್ಪ ಹೊತ್ತು ಕೂರಿಸಿ, ಎಲೆಯಡಿಕೆ ಕೊಟ್ಟು, ಆಮೇಲೆ ಹೊರೆ ಎತ್ತಿಸುತ್ತಿದ್ದೆವು.

ಮಗಳು ಹೊಸಪೇಟೆಯಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶದ ಬೆಳಗ್ಗೆ ಮುತ್ತೈದೆಯರು ಕಾಲುವೆಯಿಂದ ಕುಂಭದಲ್ಲಿ ಗಂಗೆ ತರಬೇಕು. ಗಂಡ ಸತ್ತವಳಿಗೆ ಕುಂಭವಿಲ್ಲ. ನಾನು ಹಿಂದೆ ನಡೆಯುವವಳು, ಹಿಂದೆಯೇ ನಡೆಯುತ್ತಿದ್ದೆ. ಆದರೆ ಅಳಿಯನ ತಂಗಿಗೆ ಹೊರುವುದು ಬರಲಿಲ್ಲ. ನಗುತ್ತ, ನಾಚುತ್ತ, ಅರ್ಧ ನೀರನ್ನು ಸೀರೆ ಮೇಲೆ ಚೆಲ್ಲಿಕೊಂಡಳು.

"ಅಯ್ಯ ಅತ್ತೀ, ಬೀಳತೈತ್ರಿ, ಹಿಡೀರಿ!"

ಹಿಡಿದೆ. ಹಿಡಿದದ್ದು ತಲೆಗೇರಿತು. ಅದೇನು ಯೋಚಿಸಿ ಮಾಡುವ ಕೆಲಸವಲ್ಲ. ಕೈ ಬಿಟ್ಟು ನಡೆದೆ. ಬೆನ್ನು ತಾನಾಗಿ ನೆಟ್ಟಗಾಯಿತು. ಹೊಸ ಮನೆಯ ಬಾಗಿಲ ತನಕ ಕುಂಭದ ಎಲೆ ಅಲುಗಲಿಲ್ಲ.

ಬಾಗಿಲಲ್ಲಿ ಬೀಗತಿ, ಅಂದರೆ ಮಗಳ ಅತ್ತೆ, ನಿಂತಿದ್ದಳು.

"ಯಾಕವ್ವ, ನಮ್ಮನ್ಯಾಗ ಮುತ್ತೈದೇರು ಕಡಿಮಿ ಆಗ್ಯಾರೇನು?" ಎಂದು ಮಗಳನ್ನು ಕೇಳಿದಳು. ನನ್ನನ್ನಲ್ಲ.

ಮಗಳು ಓಡಿ ಬಂದಳು. "ಅವ್ವಾ, ನಿನಗ ತೆಲಿ ತಿರುಗತೈತಲ್ಲ, ಇತ್ತ ಕೊಡು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕುಂಭ ತೆಗೆದುಕೊಂಡಳು.

ನನಗೆ ಯಾವತ್ತೂ ತಲೆ ತಿರುಗಿಲ್ಲ. ಮುಂಡೆ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ಕೇಳಿ ರೂಢಿಯಿದೆ. ತಲೆ ಹಗುರಾಯಿತು, ಮೈ ಕುಗ್ಗಿತು. ಒಳಗೆ ನಾಲ್ಕು ಹೆಜ್ಜೆ ಹೋಗಿ ಸಪಾಟು ನೆಲದ ಮೇಲೆ ಬಿದ್ದೆ.

"ನೋಡಿದ್ರಿಲ್ಲೋ, ನಾ ಹೇಳ್ಲಿಲ್ಲೇನು?" ಎಂದಳು ಮಗಳು. ಅವಳ ಮುಖದಲ್ಲಿ ಗಾಬರಿಗಿಂತ ಸಮಾಧಾನವೇ ಹೆಚ್ಚಿತ್ತು. ಆಡಿದ ಸುಳ್ಳು ನಿಜವಾಯಿತಲ್ಲ.

ಸಂಜೆಯೊಳಗೆ ಅಳಿಯ ಕೋಲು ತಂದ. ಇನ್ನು ತೋಟ ಬೇಡ, ಒಬ್ಬಳೇ ಬಸ್ಸು ಹತ್ತುವುದು ಬೇಡ, ಕಂಪ್ಲಿಯ ಮನೆಗೆ ಬೀಗ ಹಾಕಿ ಇಲ್ಲೇ ಇರಲಿ ಎಂದು ನನ್ನ ಎದುರಿಗೇ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೋಲು ಹಿಡಿದು ಬಚ್ಚಲಿಗೆ ಹೋದೆ. ಹಿಡಿದ ಕೂಡಲೇ ಬೆನ್ನು ಬಾಗಿತು. ಇಲ್ಲಿ ಉಳಿದರೆ ಅದು ಮತ್ತೆ ಏಳುವುದಿಲ್ಲ ಎಂದು ಗೊತ್ತಾಯಿತು.

ಮರುದಿನ ಬೆಳಗ್ಗೆ ನೀರಿನ ಮೋಟರ್ ಸುಟ್ಟಿತ್ತು. ಮಹಡಿ ತುಂಬ ನೆಂಟರು, ನಲ್ಲಿಯಲ್ಲಿ ಹನಿಯಿಲ್ಲ. ಮಗಳು ಕೆಳಗೆ ಸಂಪಿನಿಂದ ಕೊಡ ತುಂಬಿ ನನ್ನ ಕಡೆ ನೋಡಿದಳು.

"ಅವ್ವಾ, ಒಂದೆರಡು ಕೊಡ ಮ್ಯಾಲ ಇಡತೀಯೇನು? ನನಗ ಮೆಟ್ಲ ಏರಾಕ ಆಗವಲ್ದು."

"ನನಗ ತೆಲಿ ತಿರುಗತೈತವ್ವ. ನೀನ ಹೊರು."

ಅವಳು ಮತ್ತೆ ನನ್ನ ಮುಖ ನೋಡಲಿಲ್ಲ. ಕೊಡವನ್ನು ತಲೆಗಿಟ್ಟುಕೊಂಡು ಹತ್ತಿದಳು. ಕತ್ತು ಭುಜದೊಳಗೆ, ಕಣ್ಣು ಕಾಲಿನಲ್ಲಿ. ಮೆಟ್ಟಿಲು ಮೆಟ್ಟಿಲಿಗೂ ನೀರು ಚೆಲ್ಲುತ್ತಿತ್ತು. ಕತ್ತು ಎತ್ತು, ದೂರ ನೋಡು ಎನ್ನಬಹುದಿತ್ತು. ಅನ್ನಲಿಲ್ಲ. ಕೋಲನ್ನು ಬಾಗಿಲ ಮೂಲೆಗೆ ಆನಿಸಿಟ್ಟು, ನನ್ನ ಚೀಲವನ್ನು ತಲೆ ಮೇಲೆ ಇಟ್ಟುಕೊಂಡು, ಕಂಪ್ಲಿ ಬಸ್ಸಿಗೆ ನಡೆದೆ.