ಮೇಲಿನ ಕೋಣೆಗೆ ಎರಡನೆಯ ಡಬ್ಬಿ

ನಿಪ್ಪಾಣಿ ಬಳಿಯ ಬೋರಗಾಂವದ ಮಹಡಿಯ ಬಾಡಿಗೆ ಕೋಣೆಯಲ್ಲಿ ಮೊದಲ ಬೆಳಿಗ್ಗೆ ನೆಲ ನಡುಗಿತು. ಭೂಕಂಪವೆಂದು ಬಾಗಿಲಿಗೆ ಓಡಿದೆ. ಕೆಳಗಿನ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳು ಶುರುವಾಗಿದ್ದವು, ಅಷ್ಟೆ. ನಮ್ಮ ಗುಂಡ್ಲುಪೇಟೆಯಲ್ಲಿ ಬೆಳಗಾಗುವುದು ಹಾಲಿನವನ ಸೈಕಲ್ ಗಂಟೆಗೆ. ಇಲ್ಲಿ ಗೋಡೆಗೇ ಎಚ್ಚರವಾಗುತ್ತದೆ.

ಶಾಲೆಯ ಕೆಲಸ ಸಿಕ್ಕಿ ಬಂದವಳು ನಾನು. ಮನೆಯೊಡತಿಯನ್ನು ಎಲ್ಲರಂತೆ ಕಾಕು ಎನ್ನುತ್ತೇನೆ, ಚಿಕ್ಕಮ್ಮ ಎಂದರ್ಥ; ಕೆಳಗಿನ ಮಗ್ಗಗಳೂ ಅವರವೇ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ರಾತ್ರಿ ಮುದ್ದೆ ಮುರಿದು ಬೆಳೆದ ನನಗೆ ಸಂಜೆಯ ಬಕ್ರಿ, ಅಂದರೆ ಜೋಳದ ರೊಟ್ಟಿ, ಹದಿನೈದು ದಿನಕ್ಕೆ ಒಗ್ಗಿತು. ಒಗ್ಗದೆ ಉಳಿದದ್ದು ತಮ್ಮನಿಂದ ದೂರವಿರುವುದು.

ಮಹೇಶನಿಗೆ ಹುಟ್ಟಿನಿಂದ ಕಿವಿ ಕೇಳದು. ನಮ್ಮ ಮಾತೆಲ್ಲ ಕೈಸನ್ನೆ. ಉಳಿದವರು ವಿಡಿಯೋ ಕರೆಯಲ್ಲಿ ಚಿತ್ರ ನಿಂತರೂ ಮಾತಾಡಿಯಾರು. ನಮಗೆ ಚಿತ್ರ ನಿಂತರೆ ಮಾತೇ ನಿಂತಂತೆ. ಕಂಪನಿಯವರು ಕೊಟ್ಟ ನೆಟ್ ಡಬ್ಬಿ ಕಾಕುವಿನ ನಡುಮನೆಯಲ್ಲಿತ್ತು, ಅದರ ಸಿಗ್ನಲ್ ಮೇಲಕ್ಕೆ ಏರುತ್ತಿರಲಿಲ್ಲ. ಮೊಬೈಲ್ ಡೇಟಾ ಅದಕ್ಕಿಂತ ಬಡಕಲು. ಅವನ ಕೈ ಅರ್ಧಕ್ಕೆ ನಿಂತಾಗಲೆಲ್ಲ ದಿನಚರಿಯಲ್ಲಿ ಒಂದು ಗೆರೆ ಹಾಕುತ್ತಿದ್ದೆ. ಪುಟ ತುಂಬಿದ ಭಾನುವಾರ ಅವನು ಸಿಟ್ಟಿಗೆ ನನ್ನ ಕರೆಯನ್ನೇ ಎತ್ತಲಿಲ್ಲ.

ಕಾಕುವನ್ನು ಕೇಳಿ, ನಿಪ್ಪಾಣಿಯಿಂದ ಹೊಸ ರೌಟರ್ ತಂದೆ. ಹಳೆಯ ಡಬ್ಬಿಯಿಂದ ಮೆಟ್ಟಿಲ ಪಕ್ಕ ಕೇಬಲ್ ಎಳೆದು ಸಿಕ್ಕಿಸಿದೆ. ದೀಪ ಹೊತ್ತಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಾಕುವಿನ ಕೂಗು:

"ಏನ್ ಮಾಡಿದಿ ಬೇ ಟೀಚರ? ಇಚಲಕರಂಜಿ ಸೇಟು ಬಟ್ಟಿ ಡಿಜೈನ್ ಕಳಸಾಕತ್ತಾನ, ಒಂದೂ ಬರವಲ್ದು!"

"ಸ್ವಲ್ಪ ತಾಳಿ ಕಾಕು, ಸರಿ ಮಾಡ್ತೀನಿ."

ಕೈಪಿಡಿ ಓದಿದಾಗ ತಿಳಿಯಿತು. ಪ್ರತಿ ಫೋನಿಗೂ ನೆಟ್ ವಿಳಾಸ ಹಂಚುವುದು ಹಳೆಯ ಡಬ್ಬಿಯ ಕೆಲಸ. ಹೊಸದೂ ಹಂಚತೊಡಗಿ ಫೋನುಗಳು ದಾರಿ ತಪ್ಪಿದ್ದವು. ಅದನ್ನು ಹೇಳಿದಾಗ ಕಾಕು ನಕ್ಕರು.

"ಒಂದ ಮನ್ಯಾಗ ಇಬ್ರು ಅತ್ತೇರ ಹ್ಯಾಂಗ ನಡೀತೈತಿ? ಹೊಸಾದಕ್ಕ ಸೊಸಿ ಆಗಿರಂತ ಹೇಳ!"

ಹಾಗೆಯೇ ಮಾಡಿದೆ. ಹೊಸ ರೌಟರ್ ವಿಳಾಸ ಹಂಚದೆ, ಬರೀ ಸಿಗ್ನಲ್ ಹರಡುವಂತೆ ಸೆಟ್ಟಿಂಗ್ ಬದಲಿಸಿದೆ. ಕೆಳಗೆ ಡಿಜೈನ್ ಬಂತು. ಮೇಲೆ ನನ್ನ ಫೋನಿನಲ್ಲಿ ಮಹೇಶ ಬಂದ, ಹತ್ತೂ ಬೆರಳು ಸ್ಪಷ್ಟ. ಆದರೆ ಸಿಟ್ಟು ಇಳಿದಿರಲಿಲ್ಲ; ಮುಖ ತಿರುಗಿಸಿ ಕೂತ.

ನೋಡಲು ಬಂದ ಕಾಕು ನನ್ನ ಹೆಗಲ ಮೇಲಿಂದ ಬಗ್ಗಿದರು. "ಮಾತ ಬರೂದಿಲ್ಲೇನ ಇವಗ? ನಮ್ಮ ಶೆಡ್ಡಿನ್ಯಾಗ ಯಾರಿಗಿ ಬರ್ತೈತಿ!"

ಮಗ್ಗದ ಸದ್ದಿನಲ್ಲಿ ಅಲ್ಲಿ ಎಲ್ಲರದೂ ಕೈಮಾತೇ. ಕಾಕು ಎರಡು ಬೆರಳು ಜೋಡಿಸಿ ಫಕ್ಕನೆ ಬಿಡಿಸಿದರು: ಎಳೆ ಕಡಿದಿದೆ. ಹೆಬ್ಬೆರಳಿಗೆ ತೋರುಬೆರಳು ಹೊಸೆದರು: ಗಂಟು ಹಾಕು. ಓರೆಗಣ್ಣಲ್ಲಿ ನೋಡುತ್ತಿದ್ದ ಮಹೇಶ ಪೂರ್ತಿ ತಿರುಗಿದ. ತಾನೂ ಬೆರಳು ಹೊಸೆದು ನನಗೆ ತೋರಿಸಿದ.

ಮೊನ್ನೆ ಅಮ್ಮ ಫೋನು ಮಾಡಿದಳು. "ಇವ್ನು ಹೊಸ್ದೇನೋ ಸನ್ನೆ ಮಾಡ್ತಾನೆ ಕಣವ್ವ, ಬೆರಳು ಹೊಸಿತಾನೆ. ಇಲ್ಲಿ ಯಾರ್ಗೂ ತಿಳೀದು."

"ಗಂಟು ಹಾಕು ಅಂತ ಅಮ್ಮ. ಅದು ನಮ್ಮೂರ ಸನ್ನೆ."

ಅಮ್ಮ ತಡೆದು ಕೇಳಿದಳು: "ಯಾವ್ದವ್ವ ನಮ್ಮೂರು?"

ಬೋರಗಾಂವವನ್ನೇ ನಮ್ಮೂರು ಎಂದುಬಿಟ್ಟಿದ್ದೆ. ವಿಡಿಯೋ ಹಾಕಿ ಮಹೇಶನನ್ನು ಕರೆ ಎಂದೆ.